ಡಾನಿಬ್ರುಕ್ ಜಾತ್ರೆ

ಬೆಳಿಗ್ಗೆ ತರಕಾರಿ ಗಾಡಿ ಹತ್ರ ಇಬ್ಬರಿಗೆ ಜೋರು ಜಗಳ. ಸ್ಕೂಟರ್ ತಾಗಿ ಟೊಮ್ಯಾಟೊ ಬುಟ್ಟಿ ಉರುಳಿತ್ತು, ಅಷ್ಟೇ.

ಬರೀ ಬಾಯಿಜಗಳ ಆಗಿದ್ದಾಗ ಇಂಗ್ಲಿಷಿನಲ್ಲಿ ಅದು ‘ರೌ’ (row; ಸಾಲಿಗೂ ಅದೇ ಸ್ಪೆಲಿಂಗ್, ಆದರೆ ‘ರೋ’ ಅಂತ ಓದಬೇಕು, ಯಾಕೋ ದೇವರೇ ಬಲ್ಲ). ಒಬ್ಬ ಇನ್ನೊಬ್ಬನ ಕಾಲರ್ ಹಿಡಿದು ಎಳೆದಾಡಿದ ತಕ್ಷಣ ಸ್ಕಫಲ್ ಆಯಿತು. ಇನ್ನೆರಡು ಏಟು ಬಿದ್ದಿದ್ದರೆ ಬ್ರಾಲ್. ಆಫ್ರೇ ಆಗಬೇಕಾದರೆ ಮಾತ್ರ ಸಾರ್ವಜನಿಕ ಜಾಗವೇ ಬೇಕು: ನಮ್ಮ ಭಾರತೀಯ ನ್ಯಾಯ ಸಂಹಿತೆಯ 194ನೇ ಸೆಕ್ಷನ್ ಪ್ರಕಾರ ಇಬ್ಬರು ಬೀದಿಯಲ್ಲಿ ಹೊಡೆದಾಡಿ ಶಾಂತಿ ಕೆಡಿಸಿದರೆ ಒಂದು ತಿಂಗಳ ತನಕ ಜೈಲು, ಇಲ್ಲ 1000 ರೂಪಾಯಿ ತನಕ ದಂಡ, ಇಲ್ಲ ಎರಡೂ. ಅದೇ ಇಬ್ಬರು ಮನೆಯೊಳಗೆ ಬಡಿದಾಡಿಕೊಂಡರೆ ಆಫ್ರೇ ಅಲ್ಲ, ನೋಡಿ!

ಈ ಜಗಳದ ಪದಗಳಲ್ಲಿ ನನಗೆ ಜಾಸ್ತಿ ಇಷ್ಟ ಡಾನಿಬ್ರುಕ್. ಅದು ಐರ್ಲೆಂಡಿನ ಡಬ್ಲಿನ್‌ನಲ್ಲಿರುವ ಒಂದು ಜಾಗ. 1204ರಲ್ಲಿ ರಾಜನ ಅಪ್ಪಣೆ ಸಿಕ್ಕಿ ಶುರುವಾದ ಅಲ್ಲಿನ ಜಾತ್ರೆಯಲ್ಲಿ ಬರ್ತಾ ಬರ್ತಾ ಕುಡಿತ, ಹೊಡೆದಾಟ ವಿಪರೀತವಾಗಿ 1855ರಲ್ಲಿ ಅದನ್ನು ನಿಲ್ಲಿಸಿಯೇ ಬಿಟ್ಟರು. ಊರಿನ ಹೆಸರು ಮಾತ್ರ ಗದ್ದಲದ ಹೊಡೆದಾಟಕ್ಕೆ ಅಂಟಿಕೊಂಡಿತು. ಪಾಪ, ಅಲ್ಲಿ ಕುದುರೆ ವ್ಯಾಪಾರ ಮುಗಿಸಿ ತೆಪ್ಪಗೆ ಮನೆಗೆ ಹೋದವರೂ ಇದ್ದಿರಬೇಕು ಅಲ್ವಾ?