ಸುಳಿ ಬಿಡಿಸಿ ನೋಡಿದ ಮೇಲೆ

ಹೋದ ಭಾನುವಾರ ದೊಡ್ಡಬಳ್ಳಾಪುರದ ಹತ್ತಿರ ಸೋದರಮಾವನ ಹೊಲಕ್ಕೆ ಹೋಗಿದ್ದೆ. ಹಸುಗಳ ಮೇವಿಗೆ ಅಂತ ಅರ್ಧ ಎಕರೆ ಮುಸುಕಿನ ಜೋಳ ಹಾಕಿದ್ದಾರೆ. ದೂರದಿಂದ ಹಸಿರಾಗೇ ಇತ್ತು. ಹತ್ತಿರ ಹೋದರೆ ಎಲೆಗಳಲ್ಲಿ ಸಾಲು ಸಾಲು ತೂತು, ಗಿಡದ ನಡುವೆ ಹೊಸ ಎಲೆ ಸುತ್ತಿಕೊಂಡು ಬರುವ ಸುಳಿ ತುಂಬಾ ಒದ್ದೆ ಮರದ ಹೊಟ್ಟಿನಂಥ ಹುಳುವಿನ ಹಿಕ್ಕೆ.

"ಎರಡು ಸಲ ಔಷಧಿ ಹೊಡ್ದೆ ಕಣಮ್ಮ, ಸಾಯ್ತಾನೇ ಇಲ್ಲ" ಅಂದರು ಮಾವ. ಅಂಗಡಿಯವರು ಎರಡು ಬಾಟಲಿ ಕೊಟ್ಟು ಬೆರೆಸಿ ಹೊಡೀರಿ ಅಂದಿದ್ದರಂತೆ, ಇವರು ಮಧ್ಯಾಹ್ನದ ಬಿಸಿಲಲ್ಲಿ ಎಲೆ ಮೇಲೆಲ್ಲಾ ಹೊಡೆದಿದ್ದಾರೆ. ನನಗೆ ತುಂಬಾ ಬೇಜಾರಾಯಿತು. ದುಡ್ಡು ಹೋಯಿತು, ವಿಷ ಹೊಲದಲ್ಲಿ ಉಳಿಯಿತು, ಹುಳು ಮಾತ್ರ ಆರಾಮಾಗಿದೆ.

ಒಂದು ಸುಳಿ ಬಿಡಿಸಿ ಒಳಗಿದ್ದ ಹುಳುವನ್ನು ಅಂಗೈ ಮೇಲೆ ಹಾಕಿಕೊಂಡೆ. ಬೆರಳುದ್ದಕ್ಕೆ ಸ್ವಲ್ಪ ಕಮ್ಮಿ, ಕಂದು ಬಣ್ಣ. ತಲೆ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಫಾಲ್ ಸೈನಿಕ ಹುಳುವೇ, ಅನುಮಾನವೇ ಇಲ್ಲ. ಇದು ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು, 2018ರಲ್ಲಿ ಭಾರತದಲ್ಲಿ ಮೊದಲು ಸಿಕ್ಕಿದ್ದು ನಮ್ಮ ಶಿವಮೊಗ್ಗದಲ್ಲೇ. ಅದರ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ತನಕ ಹಾರಬಲ್ಲದು, ಹಾಗಾಗಿ ಪಕ್ಕದ ಹೊಲದಿಂದ ಬಂತು ಅಂತ ಯಾರನ್ನೂ ಬೈಯೋ ಹಾಗಿಲ್ಲ.

ಮಾವನಿಗೆ ನಾನು ಒತ್ತಿ ಹೇಳಿದ್ದು ಒಂದೇ: ಹುಳು ದೊಡ್ಡದಾಗುವ ಮುಂಚೆ ಹಿಡಿಯಬೇಕು. ಹೆಣ್ಣು ಪತಂಗ ನೂರರಿಂದ ಇನ್ನೂರು ಮೊಟ್ಟೆಗಳನ್ನು ಎಲೆ ಮೇಲೆ ಗುಂಪಾಗಿ ಇಟ್ಟು ತನ್ನ ಮೈಯ ರೋಮ ಹೊದಿಸುತ್ತದೆ, ನೋಡೋಕೆ ಬೂಷ್ಟು ಹಿಡಿದ ಹಾಗೆ. ಎರಡು ಮೂರು ದಿನದಲ್ಲಿ ಮರಿ ಬರುತ್ತವೆ. ಮರಿಗಳು ಎಲೆಯ ಹಸಿರನ್ನಷ್ಟೇ ಕೆರೆದು ತಿನ್ನುವುದರಿಂದ ಎಲೆ ಗಾಜಿನ ಹಾಗೆ ಬೆಳ್ಳಗೆ ಕಾಣುತ್ತದೆ. ಬೇವಿನೆಣ್ಣೆ ಕೆಲಸ ಮಾಡೋದು ಆಗಲೇ. ಸುಳಿಗೆ ಇಳಿದ ಮೇಲೆ ಒಂದನ್ನೊಂದು ತಿಂದು ಕೊನೆಗೆ ಒಂದೋ ಎರಡೋ ಉಳಿಯುತ್ತವೆ, ಹಗಲೆಲ್ಲಾ ಒಳಗೇ ಇರುತ್ತವೆ, ಮೇಲೆ ಅದರದ್ದೇ ಹಿಕ್ಕೆಯ ಮುಚ್ಚಳ. ಎಲೆ ಮೇಲೆ ಹೊಡೆದ ಔಷಧಿ ಅಲ್ಲಿಗೆ ಹೇಗೆ ತಲುಪಬೇಕು ಹೇಳಿ? ಹೊಡೆಯಲೇಬೇಕು ಅಂದರೆ ಸಂಜೆ ಹೊತ್ತು, ನಾಜಲ್ ಸುಳಿಯ ಬಾಯಿಗೇ ಹಿಡಿದು ಹೊಡೆಯಬೇಕು. ಮೇವಿನ ಬೆಳೆ ಆದರೆ ಲೇಬಲ್‌ನಲ್ಲಿ ಬರೆದಷ್ಟು ದಿನ ಕಳೆಯುವವರೆಗೂ ಹಸುಗೆ ಹಾಕಲೇಬಾರದು. ಬೆಳೆ ತೆಗೆದ ಮೇಲೆ ಆಳವಾಗಿ ಉಳುಮೆ ಮಾಡಿದರೆ ಮಣ್ಣಿನಲ್ಲಿರುವ ಕೋಶಗಳು (ಹುಳು ಪತಂಗವಾಗುವ ಮುಂಚಿನ ಹಂತ) ಮೇಲೆ ಬಂದು ಹಕ್ಕಿಗಳಿಗೆ ಸಿಗುತ್ತವೆ.

ಬದುವಿನ ಹತ್ತಿರ ಒಂದು ಹುಳು ಎಲೆಗೆ ಕಚ್ಚಿಕೊಂಡೇ ಸತ್ತು ಸೆಟೆದಿತ್ತು, ಮೈಮೇಲೆಲ್ಲಾ ತಿಳಿಹಸಿರು ಪುಡಿ. ಮಾವ ಔಷಧಿಗೆ ಸತ್ತಿದೆ ಅಂದುಕೊಂಡು ಕಿತ್ತು ಎಸೆಯೋಕೆ ಹೋದರು, ನಾನು ಕೈ ಹಿಡಿದೆ. ಅದು ಹುಳುವನ್ನೇ ಕೊಲ್ಲುವ ಮೆಟಾರೈಜಿಯಂ ಎಂಬ ಶಿಲೀಂಧ್ರ. ಮಳೆಗಾಲದ ತೇವದಲ್ಲಿ ತಾನಾಗೇ ಬರುತ್ತದೆ, ಆ ಪುಡಿಯಿಂದ ಬೇರೆ ಹುಳುಗಳಿಗೂ ಅಂಟುತ್ತದೆ. ಇದನ್ನೇ ಬೆಳೆಸಿ ಪುಡಿ ಮಾಡಿ ಮಾರುತ್ತಾರೆ ಕೂಡ.

ತಡವಾಗಿ ಬಿತ್ತಿದ ನಾಲ್ಕು ಸಾಲು ಇನ್ನೂ ಎಳೆಯದಿತ್ತು. ಅಲ್ಲಿ ಮೊಟ್ಟೆ ಗುಂಪು ಹೇಗೆ ಹುಡುಕೋದು, ಹೇಗೆ ಎಲೆ ಮೇಲೇ ಹೊಸಕಿ ಹಾಕೋದು ಅಂತ ತೋರಿಸಿ ಬಂದೆ. ಬುಧವಾರ ಸಂಜೆ ಹೆಬ್ಬಾಳದ ಟ್ರಾಫಿಕ್‌ನಲ್ಲಿ ಇದ್ದಾಗ ಫೋನ್ ಬಂತು. "ಇವತ್ತು ಹನ್ನೊಂದು ಸಿಕ್ತಮ್ಮ. ಸತ್ತ ಹುಳ ಅಲ್ಲೇ ಬಿಟ್ಟಿದ್ದೀನಿ, ಮುಟ್ಟಿಲ್ಲ."