ಎಲ್ಲ ಕೆಲಸಕ್ಕೂ ಒಂದು ಚಾಕು

ಕಳೆದ ಭಾನುವಾರ ಸಕಲೇಶಪುರದ ಸಮೀಪದ ನಮ್ಮ ತೋಟದ ಕಣದಲ್ಲಿ ನಡೆದ ಎರಡೇ ಮಾತಿನ ಸಂಭಾಷಣೆಯೊಂದು ವಾರವಿಡೀ ನನ್ನ ತಲೆಯಲ್ಲಿ ಸುತ್ತುತ್ತಿದೆ. ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ, ಇಂಗ್ಲಿಷ್ ಪತ್ರಿಕೆಯೊಂದು ಪ್ರಕಟಿಸಿದ್ದ ಅತ್ಯುತ್ತಮ ಸರ್ವೈವಲ್ ಚಾಕುಗಳ, ಅಂದರೆ ಕಾಡಿನಲ್ಲಿ ಸಿಕ್ಕಿಬಿದ್ದವನು ಬದುಕುಳಿಯಲೆಂದು ಮಾರುವ ಚಾಕುಗಳ, ಪಟ್ಟಿಯನ್ನು ಓದಿ, ಅದರಲ್ಲಿ ಮೊದಲ ಸ್ಥಾನ ಪಡೆದ ಚಾಕುವನ್ನೇ ತರಿಸಿಕೊಂಡಿದ್ದ. ಅದನ್ನು ಒರೆಯಿಂದ ಹಿರಿದು ನಮ್ಮ ಮೇಸ್ತ್ರಿಯ ಕೈಗಿತ್ತ. ಅವರು ಅಂಗೈಯಲ್ಲಿಟ್ಟು ತೂಗಿ ನೋಡಿದರು, ಅಲಗಿನ ಹರಿತವಾದ ಬಾಯಿಗೆ ಅಡ್ಡಲಾಗಿ ಹೆಬ್ಬೆರಳು ಸವರಿದರು, ಬೆನ್ನಿನ ದಪ್ಪವನ್ನು ಉಗುರಿನಿಂದ ಅಂದಾಜು ಮಾಡಿದರು. ಆಮೇಲೆ ಕೇಳಿದರು:

“ಇದು ಯಾವ ಕೆಲ್ಸಕ್ಕೆ, ಸಣ್ಣಯ್ಯ?”

“ಎಲ್ಲಾ ಕೆಲ್ಸಕ್ಕೂ.”

“ಓಹೋ,” ಎಂದು ಮೇಸ್ತ್ರಿ ಚಾಕುವನ್ನು ಹಿಂದಿರುಗಿಸಿ, ಮರಗಸಿಗೆ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರಲು, ಬಂದಿದ್ದ ಆಳುಗಳ ಹಿಂದೆ ಹೊರಟುಹೋದರು.

ಮೇಸ್ತ್ರಿ ಮಾತಿನಲ್ಲಿ ಜಿಪುಣರು. ತಮ್ಮ ಪರಿಚಯದ ಕುಲುಮೆಯಲ್ಲಿ ಬಡಿಯದ ಕಬ್ಬಿಣವನ್ನು ಅವರು ಸುಲಭಕ್ಕೆ ನಂಬುವುದಿಲ್ಲ, ಆ ಅಪನಂಬಿಕೆಯಲ್ಲಿ ಹಟವೂ ಸಾಕಷ್ಟಿದೆ. ಅಕ್ಕನ ಮಗ ಒಳ್ಳೆಯ ಹುಡುಗ, ಆದರೆ ಯಾವ ವಸ್ತುವನ್ನು ತೋರಿಸಿದರೂ ಮೊದಲು ಅದರ ಬೆಲೆ ಹೇಳುತ್ತಾನೆ. ಇವರಿಬ್ಬರ ನಡುವೆ ನಿಂತಿದ್ದ ನನಗೆ ಚಾಕುಗಳ ಹುಚ್ಚು ಹಳೆಯದು. ಜನಪ್ರಿಯ ವಿಮರ್ಶೆಗಳ ಬಗ್ಗೆ ನಮ್ಮಂಥ ಹುಚ್ಚರು ಪುಟಗಟ್ಟಲೆ ತಕರಾರು ಬರೆಯುತ್ತೇವೆ. ಅದಷ್ಟನ್ನೂ ಮೇಸ್ತ್ರಿ ಒಂದು ಪ್ರಶ್ನೆಯಲ್ಲಿ ಮುಗಿಸಿದ್ದರು.

ಆ ವಿಮರ್ಶೆಯನ್ನು ನಾನೂ ತರಿಸಿಕೊಂಡು ಓದಿದೆ. ಅಲಗಿನ ಉದ್ದ, ತೂಕ, ಉಕ್ಕಿನ ಹೆಸರು, ಹಿಡಿಯ ಬಣ್ಣ, ಬೆಲೆ ಎಲ್ಲವೂ ಇದ್ದವು. ಪರೀಕ್ಷೆ ಎಂದರೆ ಕಾಗದವೊಂದನ್ನು ಸೀಳಿದ್ದು, ಟೊಮೆಟೊ ಹೆಚ್ಚಿದ್ದು, ಮತ್ತು ಸೌದೆಯ ಕೊರಡಿನ ಮೇಲೆ ಚಾಕುವನ್ನಿಟ್ಟು ಇನ್ನೊಂದು ಕೊರಡಿನಿಂದ ಅದರ ಬೆನ್ನಿಗೆ ಬಡಿದು ಸೌದೆಯನ್ನು ಎರಡು ಹೋಳು ಮಾಡಿದ್ದು. ಕಾರ್ಖಾನೆಯಿಂದ ಹೊಸದಾಗಿ ಬಂದ ಯಾವ ಚಾಕುವಾದರೂ ಕಾಗದವನ್ನು ಸೀಳುತ್ತದೆ. ಚಾಕುವಿನ ನಿಜವಾದ ಗುಣ ತಿಳಿಯುವುದು ಅದು ಮೊದಲ ಬಾರಿ ಮೊಂಡಾದಾಗ, ಅದನ್ನು ಮಸೆಯಲು ಕುಳಿತಾಗ, ಮಸೆದ ಹರಿತ ಎಷ್ಟು ದಿನ ನಿಂತಿತು ಎಂದು ನೋಡಿದಾಗ. ಅಷ್ಟರಲ್ಲಿ ವಿಮರ್ಶಕ ಮುಂದಿನ ಪಟ್ಟಿಗೆ ಹೋಗಿರುತ್ತಾನೆ. ಅವನನ್ನು ಪೂರ್ತಿ ದೂರುವಂತೆಯೂ ಇಲ್ಲ. ಒಂದು ವಾರದಲ್ಲಿ ಹತ್ತು ಚಾಕುಗಳಿಗೆ ಸ್ಥಾನ ಹಂಚಬೇಕಾದವನು ಮಳೆಗಾಲ ಮುಗಿಯುವ ತನಕ ಕಾಯಲಾರ. ಆದರೆ ಓದುಗ ಮಾರಾಟದ ಕೊಂಡಿಯ ಮೂಲಕ ಕೊಂಡರೆ ಪ್ರಕಾಶಕರಿಗೆ ಕಮಿಷನ್ ಬರುವ ವ್ಯವಸ್ಥೆ ಇರುವಲ್ಲಿ, ‘ಇದನ್ನು ಕೊಳ್ಳಬೇಡಿ’ ಎಂಬ ಸಾಲು ಅಪರೂಪವಾಗುವುದು ಸಹಜ ಎಂಬ ನಮ್ಮ ಗುಮಾನಿಗೂ ಆಧಾರವಿದೆ.

ಉಕ್ಕಿನ ವಿಷಯಕ್ಕೆ ಬಂದರೆ ಸಿಟ್ಟು ಇನ್ನೂ ಹೆಚ್ಚು. ಅಕ್ಕನ ಮಗನ ಚಾಕು ಡಿ2 ಉಕ್ಕಿನದು. ವಿಮರ್ಶೆಯಲ್ಲಿ ಆ ಹೆಸರು ಪದವಿಯ ಹಾಗೆ ಮೆರೆಯುತ್ತಿತ್ತು. ಡಿ2ದಲ್ಲಿ ಸುಮಾರು 1.5 ಶೇಕಡಾ ಇಂಗಾಲವೂ 12 ಶೇಕಡಾ ಕ್ರೋಮಿಯಂ ಸಹ ಇರುತ್ತವೆ. ಅಚ್ಚುಗಳನ್ನೂ ಕತ್ತರಿಸುವ ಯಂತ್ರೋಪಕರಣಗಳನ್ನೂ ಮಾಡುವುದಕ್ಕೆಂದು ಬಂದ ಉಕ್ಕು ಅದು. ಕ್ರೋಮಿಯಂನ ದೊಡ್ಡ ಪಾಲು ಇಂಗಾಲದೊಡನೆ ಕೂಡಿ ಕಾರ್ಬೈಡ್ ಎಂಬ ಗಟ್ಟಿ ಕಣಗಳಲ್ಲಿ ಸೇರಿಹೋಗುವುದರಿಂದ ಅದು ಪೂರ್ತಿ ತುಕ್ಕುನಿರೋಧಕವಲ್ಲ, ನಮ್ಮ ಕಡೆಯ ಜೂನ್ ಜುಲೈ ತಿಂಗಳುಗಳ ತೇವಕ್ಕೆ ಎಣ್ಣೆ ಸವರದೆ ಬಿಟ್ಟರೆ ಕಂದು ಚುಕ್ಕೆಗಳು ಏಳುತ್ತವೆ. ಇದಕ್ಕಿಂತ ಮುಖ್ಯವಾಗಿ, ಉಕ್ಕಿನ ಹೆಸರೊಂದರಿಂದ ಏನೂ ನಿರ್ಧಾರವಾಗುವುದಿಲ್ಲ. ಅದನ್ನು ಎಷ್ಟು ಕಾಯಿಸಿದರು, ಹೇಗೆ ತಣಿಸಿದರು, ಹದ ಹೇಗೆ ಹಾಕಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಮೆರಿಕದ ಬಕ್ ಕಂಪನಿ 420ಎಚ್‌ಸಿ ಎಂಬ ಸಾಧಾರಣ ಉಕ್ಕನ್ನೇ ಬಳಸಿದರೂ, ಪಾಲ್ ಬಾಸ್ ಎಂಬ ತಜ್ಞರು ರೂಪಿಸಿದ ಹದದಿಂದಾಗಿ ಅದರ ಚಾಕುಗಳಿಗೆ ಬಲ್ಲವರಲ್ಲಿ ಒಳ್ಳೆಯ ಹೆಸರಿದೆ. ನಮ್ಮ ಮೇಸ್ತ್ರಿಯ ಕತ್ತಿ ಹಳೆಯ ಜೀಪೊಂದರ ಸ್ಪ್ರಿಂಗ್ ಪ್ಲೇಟಿನಿಂದ ಬಡಿದದ್ದು. ಅದರ ಉಕ್ಕಿನ ಹೆಸರನ್ನು ಯಾರೂ ಕೇಳಿಲ್ಲ. ಯಾವ ಆಚಾರಿ ಹದ ಹಾಕಿದ್ದು ಎಂದು ಮಾತ್ರ ಎಲ್ಲರೂ ಕೇಳುತ್ತಾರೆ.

ಹೀಗೆಂದ ಮಾತ್ರಕ್ಕೆ ಅಳತೆಯೇ ಇಲ್ಲವೆಂದಲ್ಲ. ಚಾಕು ಕತ್ತರಿಗಳನ್ನು ಪರೀಕ್ಷಿಸುವ, ಇಂಗ್ಲೆಂಡಿನ ಶೆಫೀಲ್ಡಿನ ಕಾಟ್ರಾ ಸಂಸ್ಥೆಯ ಯಂತ್ರವೊಂದಿದೆ. ಐಎಸ್ಒ 8442-5 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಅದು ಸಿಲಿಕಾ ಬೆರೆಸಿದ ರಟ್ಟಿನ ಪಟ್ಟಿಗಳನ್ನು ಗೊತ್ತಾದ ಭಾರದಲ್ಲಿ ಮತ್ತೆ ಮತ್ತೆ ಕೊಯ್ದು, ಅಲಗು ಒಟ್ಟು ಎಷ್ಟು ಕೊಯ್ದಿತು ಎಂದು ಮಿಲಿಮೀಟರುಗಳಲ್ಲಿ ಹೇಳುತ್ತದೆ. ಲ್ಯಾರಿನ್ ಥಾಮಸ್ ಎಂಬ ಲೋಹವಿಜ್ಞಾನಿ ಇಂಥ ಪರೀಕ್ಷೆಗಳ ಮೂಲಕ, ಬಾಯಿಯ ಕೋನವನ್ನು ಸಣ್ಣದು ಮಾಡಿದಷ್ಟೂ ಅದೇ ಉಕ್ಕು ಬಹಳ ಹೆಚ್ಚು ಕೊಯ್ಯುತ್ತದೆ ಎಂದು ತೋರಿಸಿದ್ದಾರೆ. ಪಟ್ಟಿಗಳಲ್ಲಿ ಉಕ್ಕಿನ ಹೆಸರು ದಪ್ಪಕ್ಷರದಲ್ಲಿರುತ್ತದೆ, ಕೋನದ ಸುದ್ದಿಯೇ ಇರುವುದಿಲ್ಲ. ಬೆನ್ನಿನ ದಪ್ಪವನ್ನು ಹೆಮ್ಮೆಯಿಂದ ಬರೆಯುತ್ತಾರೆ, ಬಾಯಿಯ ಹಿಂದೆಯೇ ಇರುವ ದಪ್ಪವನ್ನು ಯಾರೂ ಅಳೆಯುವುದಿಲ್ಲ.

ಈ ಕೊನೆಯ ಮಾತು ಎಷ್ಟು ನಿಜವೆಂದು ಅದೇ ಮಧ್ಯಾಹ್ನ ಎಲ್ಲರಿಗೂ ಕಾಣಿಸಿತು. ಅಕ್ಕನ ಮಗ ಹಲಸಿನ ಹಣ್ಣು ಬಿಡಿಸುತ್ತೇನೆಂದು ಕುಳಿತ. ಸುಮಾರು ಐದು ಮಿಲಿಮೀಟರ್ ದಪ್ಪದ ಅಲಗು ಮುಳ್ಳಿನ ಸಿಪ್ಪೆಯನ್ನೇನೋ ದಾಟಿತು. ಆಮೇಲೆ ಹಣ್ಣಿನ ನಡುವೆ ಬೆಣೆ ಹೊಡೆದಂತೆ ಸಿಕ್ಕಿಕೊಂಡು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಅವನು ಎರಡೂ ಕೈಯಿಂದ ಒತ್ತಿದಾಗ ತೊಳೆಗಳು ಕೊಯ್ದುಕೊಳ್ಳುವುದರ ಬದಲು ಹಿಸುಕಿಹೋದವು. ಎಣ್ಣೆ ಹಚ್ಚದ ಅಲಗಿನ ತುಂಬ ಅಂಟು ಹಿಡಿದು, ಬಲ ಬರಲೆಂದು ಹಿಡಿಯ ಮೇಲೆ ಕೊರೆದಿದ್ದ ಗೀರುಗಳೊಳಗೆಲ್ಲ ಮೇಣ ಸೇರಿತು. “ಕೊಬ್ರಿ ಎಣ್ಣೆ ಹಚ್ಕೋ ಅಂತ ಆಗ್ಲೇ ಹೇಳ್ಲಿಲ್ವೇನೋ,” ಎಂದು ಅಕ್ಕ ಬಂದು, ಅಡುಗೆಮನೆಯ ತೆಳ್ಳನೆಯ ಹಳೆಯ ಚಾಕುವಿನಿಂದ ಉಳಿದರ್ಧವನ್ನು ಮಾತನಾಡುತ್ತಲೇ ಬಿಡಿಸಿ ಮುಗಿಸಿದಳು. ಪಟ್ಟಿ ಬರೆದವನು ಹಲಸಿನ ಹಣ್ಣನ್ನು ಕಂಡಿರಲಾರ, ಅದು ಅವನ ತಪ್ಪೂ ಅಲ್ಲ. ಆದರೆ ‘ಅಡುಗೆಗೂ ಸೈ, ಕಾಡಿಗೂ ಸೈ’ ಎಂಬ ಅರ್ಥದ ಮಾತನ್ನು ಬರೆದವನು ಅವನೇ.

ಮೇಸ್ತ್ರಿಯ ಪ್ರಶ್ನೆ ಮತ್ತೆ ನೆನಪಾದದ್ದು ಆಗ. “ಯಾವ ಕೆಲ್ಸಕ್ಕೆ?” ಎಂದು ಅವರು ಕೇಳಿದ್ದು ವ್ಯಂಗ್ಯಕ್ಕಲ್ಲ, ಕತ್ತಿಯನ್ನು ಮಾಡಿಸುವಾಗ ಆಚಾರಿ ಮೊದಲು ಕೇಳುವ ಪ್ರಶ್ನೆಯೂ ಅದೇ. ಕಾಲದ ಪರೀಕ್ಷೆಯನ್ನು ಗೆದ್ದು ಬಂದ ಹೊರದೇಶದ ಚಾಕುಗಳನ್ನು ನೋಡಿದರೂ ಒಂದೊಂದಕ್ಕೂ ಈ ಪ್ರಶ್ನೆಗೆ ನೇರ ಉತ್ತರವಿದೆ. 1891ರಲ್ಲಿ ಸ್ವಿಸ್ ಸೇನೆ ತನ್ನ ಸೈನಿಕರಿಗೆ ಮಡಚುವ ಚಾಕು ಕೊಟ್ಟದ್ದು ಆಹಾರದ ಡಬ್ಬಿ ತೆರೆಯಲು ಮತ್ತು ಬಂದೂಕಿನ ತಿರುಪು ಬಿಚ್ಚಲು. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಮಾಡಿದ ಮರದ ಹಿಡಿಯ ಚಾಕು ಅಲ್ಲಿನ ರೈತರ ಜೇಬಿಗೆಂದು ಬಂದದ್ದು. ಅಲಗು ಮಡಚಿಕೊಳ್ಳದಂತೆ ತಡೆಯುವ ಉಂಗುರ ಸೇರಿದ್ದು ಎಷ್ಟೋ ತಡವಾಗಿ, 1955ರಲ್ಲಿ. ಸ್ವೀಡನ್ನಿನ ಮೋರಾ ಚಾಕು ಇಂದಿಗೂ ಅಲ್ಲಿನ ಬಡಗಿಗಳ, ಕಟ್ಟಡ ಕೆಲಸಗಾರರ ಸೊಂಟದಲ್ಲಿ ತೂಗಾಡುತ್ತದೆ. ಅದರ ಕಂಪ್ಯಾನಿಯನ್ ಮಾದರಿಯ ಅಲಗು ಎರಡೂವರೆ ಮಿಲಿಮೀಟರಿನಷ್ಟೇ ದಪ್ಪ. ವಿಚಿತ್ರವೆಂದರೆ ಪಟ್ಟಿ ಬರೆಯುವವರೂ ಅವರನ್ನು ಬೈಯುವ ನಾವೂ ಕೊನೆಗೆ ಕೈಕುಲುಕುವುದು ಈ ಅಗ್ಗದ ಚಾಕುವಿನ ವಿಷಯದಲ್ಲಿಯೇ. ಅವರು ಅದನ್ನು ‘ಕಡಿಮೆ ಬಜೆಟ್ಟಿನವರಿಗೆ’ ಎಂದು ಕೆಳಗಿನ ಸಾಲಿನಲ್ಲಿ ಕೂರಿಸುತ್ತಾರೆ, ಜಗಳವೇನಿದ್ದರೂ ಆ ಸಾಲಿನ ಬಗ್ಗೆ.

ನಮ್ಮ ದೇಶದ ಕಾನೂನು ಸಹ ಮೇಸ್ತ್ರಿಯ ಪಕ್ಷವೇ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗು ಆಯುಧಗಳ ಸಾಲಿಗೆ ಸೇರುತ್ತದೆ; ಆದರೆ ಮನೆಗೆಲಸ, ಕೃಷಿ, ವಿಜ್ಞಾನ ಅಥವಾ ಕೈಗಾರಿಕೆಗೆಂದು ಮಾಡಿದ್ದಕ್ಕೆ ವಿನಾಯಿತಿ ಇದೆ. ಅಳತೆ ಪಟ್ಟಿ ಹಿಡಿದ ಕಾನೂನೂ ಕೊನೆಯಲ್ಲಿ ಯಾವ ಕೆಲಸಕ್ಕೆ ಎಂದೇ ಕೇಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಪಂಗಡದವರನ್ನು ಬಿಟ್ಟುಬಿಡುವುದು ಪಕ್ಷಪಾತವಾದೀತು. ಹಾಸನದಲ್ಲಿ ಪಾಲಿಟೆಕ್ನಿಕ್ ಪಾಠ ಹೇಳುವ ನನ್ನ ಗೆಳೆಯನೊಬ್ಬನಿದ್ದಾನೆ. ಜನಪ್ರಿಯ ವಿಮರ್ಶೆಗಳ ತಪ್ಪುಗಳನ್ನು ಅವನಷ್ಟು ಚೆನ್ನಾಗಿ ಎತ್ತಿ ತೋರಿಸುವವರನ್ನು ನಾನು ಕಂಡಿಲ್ಲ. ಅಲಗು ಹಿಡಿಯ ಪೂರ್ತಿ ಅಗಲಕ್ಕೆ ಹಾದುಹೋಗದಿದ್ದರೆ ಆ ಚಾಕು ಕಾಡಿಗೆ ನಾಲಾಯಕ್ಕು ಎಂದು ಪಟ್ಟಿಗಳು ಹೇಳಿದರೆ, 1942ರಿಂದ ಅಮೆರಿಕದ ಮರೀನ್ ಪಡೆ ಬಳಸಿದ ಕಾ-ಬಾರ್ ಚಾಕುವಿನ ಅಲಗು ತೊಗಲಿನ ಹಿಡಿಯೊಳಗೆ ಸಣ್ಣ ಬಾಲವಾಗಿಯೇ ಹೋಗುತ್ತದೆ, ಮಹಾಯುದ್ಧವನ್ನು ದಾಟಿಲ್ಲವೇ ಎಂದು ಅವನು ಕೇಳುತ್ತಾನೆ. ಮಾತು ಸರಿಯೇ. ಆದರೆ ಅವನ ಮೇಜಿನ ಸೆಳೆಖಾನೆಯಲ್ಲಿ ಮಲಗಿರುವ ಚಾಕುಗಳಲ್ಲಿ ಹೆಚ್ಚಿನವು ಅಂಚೆಯ ಲಕೋಟೆಗಿಂತ ಗಟ್ಟಿಯಾದುದನ್ನು ಕೊಯ್ದಿಲ್ಲ. ಅವನ ಪ್ರೀತಿಯ ಎಸ್30ವಿ ಉಕ್ಕಿನಲ್ಲಿ ನಾಲ್ಕು ಶೇಕಡಾ ವನೇಡಿಯಂ ಎಂಬ ಲೋಹವಿದೆ. ಅದರ ಕಾರ್ಬೈಡ್ ಕಣಗಳು ಸಾಮಾನ್ಯ ಸಾಣೆಯ ಅಲ್ಯೂಮಿನಿಯಂ ಆಕ್ಸೈಡಿಗಿಂತಲೂ ಗಟ್ಟಿ, ಚೆನ್ನಾಗಿ ಮಸೆಯಲು ವಜ್ರದ ಪುಡಿಯ ಪಟ್ಟಿ ಬೇಕು. ನಮ್ಮ ತೋಟದ ತೊಟ್ಟಿಯ ಪಕ್ಕದ ಮಸೆಗಲ್ಲಿನ ಮೇಲೆ ಅದನ್ನು ಎಷ್ಟು ಹೊತ್ತು ತಿಕ್ಕಿದರೂ ಮೇಸ್ತ್ರಿಗೆ ಬೇಕಾದ ಬಾಯಿ ಬರಲಾರದು. ಜಾಹೀರಾತಿನ ಮಾತನ್ನು ನಂಬುವುದು ಒಂದು ಬಗೆಯ ಭೋಳೆತನವಾದರೆ, ಅಂಕಿಗಳನ್ನು ಮಾತ್ರ ನಂಬುವುದು ಇನ್ನೊಂದು ಬಗೆಯದು. ಎರಡರಲ್ಲಿಯೂ ಕೈಗೆ ಕೆಲಸವಿಲ್ಲ.

‘ಸರ್ವೈವಲ್’ ಎಂಬ ಹಣೆಪಟ್ಟಿಯಂತೂ ನಮ್ಮ ಕಡೆ ನಿಲ್ಲುವುದೇ ಇಲ್ಲ. ಘಟ್ಟದ ಕಾಡಿನಲ್ಲಿ ದಾರಿ ತಪ್ಪಿದವನನ್ನು ಕಾಡುವುದು ಮಳೆ, ಜಿಗಣೆ, ಮಂಜು, ಜಾರುವ ಬಂಡೆ. ಆಲೂರು ಸಕಲೇಶಪುರದ ಕಡೆಯಾದರೆ ಆನೆ. ಆನೆ ಎದುರಾದವನಿಗೆ ಬೇಕಾದದ್ದು ಕಾಲು, ಮತ್ತು ಅದಕ್ಕಿಂತ ಮೊದಲು ಆನೆ ಯಾವ ತೋಟದಲ್ಲಿದೆ ಎಂಬ ಸುದ್ದಿ. ಒದ್ದೆ ಸೌದೆಯನ್ನು ಸೀಳಿ ಒಳಗಿನ ಒಣ ಭಾಗ ತೆಗೆಯಬೇಕಾದರೆ ಕತ್ತಿ ಚೆನ್ನಾಗಿಯೇ ಮಾಡುತ್ತದೆ. ಬೆಲ್ಟಿಗೆ ಚಾಕು ಕಟ್ಟಿ ಮುಳ್ಳಯ್ಯನಗಿರಿಯಲ್ಲಿ ಫೋಟೊ ತೆಗೆಸಿಕೊಳ್ಳುವವರ ಬಗ್ಗೆ ನನಗೆ ಹೇಳಲಿಕ್ಕೆ ಹೆಚ್ಚೇನೂ ಇಲ್ಲ. ಮೆಟ್ಟಿಲು ಹತ್ತುವುದಕ್ಕೆ ಚಾಕು ಬೇಡ.

ಬುಧವಾರ ಹಾಸನದ ಗೆಳೆಯನಿಗೆ ಈ ಕಥೆಯನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವನು ಆ “ಓಹೋ”ವನ್ನು ಎರಡು ಸಲ ಹೇಳಿಸಿಕೊಂಡು ನಕ್ಕ, ಆಮೇಲೆ ಸೂಕ್ಷ್ಮ ಅಳತೆಯ ವರ್ನಿಯರ್ ಉಪಕರಣ ತೆಗೆದುಕೊಂಡು ಬರುತ್ತೇನೆ, ಬಾಯಿಯ ಹಿಂದಿನ ದಪ್ಪವನ್ನು ಅಳೆದೇ ತೀರೋಣ, ನಾವೇ ಒಂದು ವಿಮರ್ಶೆ ಬರೆಯೋಣ ಎಂದ. ಅಳತೆ ಒಂದು ಗಂಟೆಯ ಕೆಲಸ, ವಿಮರ್ಶೆಗೆ ಒಂದು ಮಳೆಗಾಲ ಬೇಕು ಎಂದೆ. ಅದು ಅವನಿಗೆ ರುಚಿಸಲಿಲ್ಲ, ಚಾಕುವನ್ನು ಮಳೆಗೆ ಒಡ್ಡುವ ಮಾತೆಂದರೆ ಅವನಿಗೆ ಮಗುವನ್ನು ಒಡ್ಡಿದಷ್ಟೇ ಸಂಕಟ. ಅಕ್ಕನ ಮಗನನ್ನು ಕೇಳಿದಾಗ ಅವನು ಧಾರಾಳವಾಗಿಯೇ ಒಪ್ಪಿದ.

“ಇಟ್ಕೊಳ್ಳಿ ಮಾವ, ದೀಪಾವಳಿಗೆ ಬಂದಾಗ ತಗೊಂಡ್ಹೋಗ್ತೀನಿ. ಆದ್ರೆ ಮೇಸ್ತ್ರಿ ಕೈಗೆ ಮಾತ್ರ ಕೊಡ್ಬೇಡಿ, ಗೀರು ಬೀಳುತ್ತೆ.”

ಕೊಡುವುದೆಂದೇ ನಾನು ತೀರ್ಮಾನಿಸಿದ್ದೇನೆ. ಮರಗಸಿ ಮುಗಿದು ಮಳೆ ಹಿಡಿದ ಮೇಲೆ ಮೆಣಸಿನ ಬಳ್ಳಿ ಕಟ್ಟುವ ಕೆಲಸ ಶುರುವಾಗುತ್ತದೆ. ಹಗ್ಗ ಕೊಯ್ಯಲು ಒಂದು ಚಾಕು ಹೇಗೂ ಬೇಕು.