ಇಳಕಲ್ಲಿನ ಅಂಗಡಿಯಲ್ಲಿ ಎರಡು ಪರ್ಸೆಂಟ್

ತಂಗಿಯ ಕುಬಸದ ಸೀರೆಗೆಂದು ನಮ್ಮತ್ತೆಯನ್ನು ಕರೆದುಕೊಂಡು ಇಳಕಲ್ಲಿಗೆ ಹೋಗಿದ್ದೆ. ತೋಪತೆನಿ ಸೆರಗು, ಗೋಮಿ ದಡಿ ಎಂದು ಆರಿಸಿ ಮುಗಿಸುವಷ್ಟರಲ್ಲಿ ಬಿಲ್ 24,500 ರೂಪಾಯಿ. ಅತ್ತೆ ಚೌಕಾಸಿ ಮಾಡಿ 24,000ಕ್ಕೆ ಇಳಿಸಿದರು. ನಾನು ಕ್ರೆಡಿಟ್ ಕಾರ್ಡ್ ಕೊಟ್ಟೆ.

"ಇದಕ್ಕ ಎರಡು ಪರ್ಸೆಂಟ್ ಮ್ಯಾಲ ಬೀಳತೈತ್ರಿ ಅಕ್ಕಾರ."

ಅಂದರೆ 480. ತಿಂಗಳ ಕೊನೆ, ಖಾತೆಯಲ್ಲಿ 24,000 ಇರಲಿಲ್ಲ. ಇದ್ದಿದ್ದರೆ ಸ್ಕ್ಯಾನ್ ಮಾಡಿ ಎದ್ದು ಬರುತ್ತಿದ್ದೆ.

ಕಾರ್ಡ್ ಉಜ್ಜಿದಾಗ ವ್ಯಾಪಾರಿಗೆ ಬರಬೇಕಾದ ಹಣದಲ್ಲಿ ಬ್ಯಾಂಕ್ ಒಂದಷ್ಟು ಮುರಿದುಕೊಳ್ಳುತ್ತದೆ. ಅದೇ ಎಂಡಿಆರ್. ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿಯಿಂದ ಅದು ಸೊನ್ನೆ. ಉಳಿದ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕ್ 2018ರಿಂದ ಮಿತಿ ಹಾಕಿದೆ: ವರ್ಷದ ವ್ಯಾಪಾರ 20 ಲಕ್ಷ ಮೀರಿದವರಿಗೂ ಶೇ 0.90ಕ್ಕಿಂತ ಹೆಚ್ಚಿಲ್ಲ, ಒಂದು ಬಿಲ್ಲಿಗೆ 1,000 ರೂಪಾಯಿ ದಾಟುವಂತಿಲ್ಲ, ಗಿರಾಕಿಯ ತಲೆಗೆ ಕಟ್ಟುವಂತೆಯೂ ಇಲ್ಲ. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿಯಿಲ್ಲ. ಕುದುರಿದ್ದೇ ದರ. ಸೀರೆ ಅಂಗಡಿಯವರಿಗೆ ಬ್ಯಾಂಕಿನ ಎದುರು ಕುದುರಿಸುವ ಬಲ ಎಷ್ಟಿದ್ದೀತು?

ಆದರೂ ಬಿಡಲಿಲ್ಲ. "ಮಷಿನ್ ಕೊಡೋ ಮುಂದ ಗಿರಾಕಿ ಕಡೆ ತಗೋಬಾರ್ದು ಅಂತ ಬ್ಯಾಂಕಿನವರು ಬರಿಸಿಕೊಂಡಿಲ್ಲೇನ್ರಿ?" ಎಂದೆ.

"ಬರಿಸಿಕೊಂಡಾರ್ರಿ. ಹಂಗಂತ ನಾ ಎಲ್ಲಾ ಸೀರಿಗೂ ರೇಟ್ ಏರಿಸಿದ್ರ, ರೊಕ್ಕ ಎಣಿಸಿ ಕೊಡೋ ಹಳ್ಳಿ ಮಂದಿ ನಿಮ್ಮ ಕಾರ್ಡಿನ ಖರ್ಚು ಹೊರಬೇಕಾಗ್ತೈತಿ."

ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಮುರಿದುಕೊಂಡ ಹಣದಲ್ಲಿ ದೊಡ್ಡ ಪಾಲು ಹೋಗುವುದು ಕಾರ್ಡ್ ಕೊಟ್ಟ ಬ್ಯಾಂಕಿಗೆ. ನನ್ನ ರಿವಾರ್ಡ್ ಪಾಯಿಂಟುಗಳ ಖರ್ಚು ಹುಟ್ಟುವುದೂ ಬಹುಮಟ್ಟಿಗೆ ಅಲ್ಲಿಂದಲೇ. (ಆ ಪಾಯಿಂಟಿನಲ್ಲಿ ನಾನು ಇದುವರೆಗೆ ಕೊಂಡದ್ದು ಒಂದು ಮಿಕ್ಸರ್, ಅದೂ ಸದ್ದು ಮಾಡುತ್ತದೆ.) ಆದರೆ ಬ್ಯಾಂಕಿನ ಕರಾರಿಗೆ ಸಹಿ ಹಾಕಿದವರು ಅಂಗಡಿಯವರು, ನಾನಲ್ಲ. ಅದನ್ನೂ ಹೇಳಿದೆ.

ಮಾಲೀಕರು ಬಿಲ್ ಪುಸ್ತಕ ತಿರುಗಿಸಿಕೊಂಡರು. "ಆತ್ರಿ, ಎರಡು ಪರ್ಸೆಂಟ್ ಬ್ಯಾಡ. ಡಿಸ್ಕೌಂಟ್ ನಗದಿಗೆ ಅಷ್ಟ."

ಹೊಸ ಬಿಲ್ಲಿನಲ್ಲಿ ಯಾವ ಹೆಚ್ಚುವರಿ ಶುಲ್ಕವೂ ಇರಲಿಲ್ಲ. ಒಟ್ಟು 24,500. ಎರಡು ಪರ್ಸೆಂಟ್ ಸೇರಿಸಿ ಕೇಳಿದ್ದ 24,480ಕ್ಕಿಂತ ಇಪ್ಪತ್ತು ರೂಪಾಯಿ ಜಾಸ್ತಿ.

"ಕಾಯ್ದೆ ಪ್ರಕಾರ ಸರಿ ಆತೇನವಾ?" ಎಂದರು ಅತ್ತೆ.